ವಿಮಾನ ನಗರದ ಕಸ: ಬಾಟಲಿಗೆ ಬೆಲೆ ಉಂಟು, ಚಿಪ್ಸ್ ಪ್ಯಾಕೆಟ್‌ಗೆ ಇಲ್ಲ!

ಪುಣೆಯ ಲೋಹೆಗಾಂವ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಬಡಾವಣೆ ವಿಮಾನ ನಗರ. ಮಾಲ್, ಐಟಿ ಕಚೇರಿ, ಕಾಲೇಜು, ಪಿಜಿ, ಹೋಟೆಲ್ ಎಲ್ಲವೂ ಇಲ್ಲಿವೆ. ಹಾಗಾಗಿ ಪಾರ್ಸೆಲ್ ಡಬ್ಬಿ, ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್‌ಗಳಿಗೂ ಬರವಿಲ್ಲ. ಕಸದ ಬುಟ್ಟಿ ಸೇರಿದ ಮೇಲೆ ಇವು ಎಲ್ಲಿಗೆ ಹೋಗುತ್ತವೆ?

ಪುಣೆಯ ವ್ಯವಸ್ಥೆ ಬೇರೆ ನಗರಗಳಿಗಿಂತ ಸ್ವಲ್ಪ ಭಿನ್ನ. ಇಲ್ಲಿ ಚಿಂದಿ ಆಯುವವರು 1993ರಲ್ಲೇ ಸಂಘ ಕಟ್ಟಿಕೊಂಡರು. ಮುಂದೆ ಅವರದೇ ಸಹಕಾರಿ ಸಂಸ್ಥೆ ‘ಸ್ವಚ್ಛ್’ ಹುಟ್ಟಿತು. 2008ರಲ್ಲಿ ಪುಣೆ ಮಹಾನಗರ ಪಾಲಿಕೆ ಅದರೊಂದಿಗೆ ಒಪ್ಪಂದ ಮಾಡಿಕೊಂಡಿತು. ಇದರ ಸದಸ್ಯರು, ಹೆಚ್ಚಿನವರು ಮಹಿಳೆಯರು, ಮನೆ ಮನೆಯಿಂದ ಕಸ ಪಡೆಯುತ್ತಾರೆ. ಮನೆಯವರು ಕೊಡುವ ತಿಂಗಳ ಶುಲ್ಕದ ಜತೆಗೆ, ಒಣ ಕಸ ಮಾರಿ ಬಂದ ಹಣವೂ ಅವರದೇ.

ಸಮಸ್ಯೆ ಇರುವುದೂ ಇಲ್ಲೇ. ನೀರಿನ ಬಾಟಲಿಗೆ ಗುಜರಿ ಅಂಗಡಿಯಲ್ಲಿ ಬೆಲೆ ಸಿಗುತ್ತದೆ, ಹಾಲಿನ ಕವರ್‌ಗೂ ಸಿಗುತ್ತದೆ. ಚಿಪ್ಸ್ ಪ್ಯಾಕೆಟ್ ಹಾಗಲ್ಲ. ಅದು ಬೇರೆ ಬೇರೆ ಪ್ಲಾಸ್ಟಿಕ್ ಪದರಗಳು ಮತ್ತು ಲೋಹದ ತೆಳು ಲೇಪವನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದು. ಒಂದೊಂದು ಪದರ ಕರಗುವ ಉಷ್ಣಾಂಶ ಒಂದೊಂದು, ಬಿಡಿಸುವುದು ಬಲು ಕಷ್ಟ. ತೂಕವೂ ಇಲ್ಲ. ದಿನವಿಡೀ ಆಯ್ದರೂ ಕೈಗೆ ಕಾಸು ಬಾರದ ವಸ್ತುವನ್ನು ಯಾರು ತಾನೇ ಆಯ್ದಾರು?

ಹೀಗೆ ಉಳಿದ ಪ್ಲಾಸ್ಟಿಕ್ ಮಳೆ ಬಂದಾಗ ಚರಂಡಿ ಕಟ್ಟುತ್ತದೆ, ಮುಳಾ-ಮುಠಾ ನದಿ ಸೇರುತ್ತದೆ. ಸುಟ್ಟರೆ ವಿಷದ ಹೊಗೆ. ಊಟದ ಎಂಜಲನ್ನು ಕವರ್‌ನಲ್ಲಿ ಕಟ್ಟಿ ಬೀದಿಗೆಸೆದರೆ ಹದ್ದು, ಕಾಗೆಗಳು ಮುತ್ತುತ್ತವೆ. ರನ್‌ವೇ ಪಕ್ಕದ ಬಡಾವಣೆಗೆ ಇದು ಸಣ್ಣ ಮಾತಲ್ಲ. ಹಕ್ಕಿಗಳನ್ನು ಸೆಳೆಯುವ ಕಸವನ್ನು ವಿಮಾನ ನಿಲ್ದಾಣದ 10 ಕಿ.ಮೀ. ಸುತ್ತಳತೆಯಲ್ಲಿ ಸುರಿಯಬಾರದು ಎಂದು 1937ರ ವಿಮಾನ ನಿಯಮಗಳೇ ಹೇಳಿವೆ.

ಕಾನೂನಿಗೇನೂ ಕೊರತೆಯಿಲ್ಲ. ಕರ್ನಾಟಕ 2016ರಲ್ಲಿ, ಮಹಾರಾಷ್ಟ್ರ 2018ರಲ್ಲಿ ಪ್ಲಾಸ್ಟಿಕ್ ನಿಷೇಧ ತಂದವು. 2022ರ ಜುಲೈ 1ರಿಂದ ಸ್ಟ್ರಾ, ಪ್ಲೇಟ್, ಚಮಚದಂಥ ಒಮ್ಮೆ ಬಳಸಿ ಬಿಸಾಡುವ ವಸ್ತುಗಳಿಗೆ ದೇಶವ್ಯಾಪಿ ನಿಷೇಧವಿದೆ. ಆದರೆ ಚಿಪ್ಸ್ ಪ್ಯಾಕೆಟ್ ಆ ಪಟ್ಟಿಯಲ್ಲಿಲ್ಲ! ಬದಲಿಗೆ, ಇಂಥ ಪ್ಯಾಕೆಟ್‌ಗಳ ವಿಲೇವಾರಿಯ ಹೊಣೆಯನ್ನು 2022ರ ನಿಯಮ ತಯಾರಿಕಾ ಕಂಪನಿಗಳ ಮೇಲೆ ಹೊರಿಸಿದೆ. ಸಂಗ್ರಹವಾದದ್ದರಲ್ಲಿ ಒಂದು ಪಾಲು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗುತ್ತದೆ. ಇದನ್ನು ಮರುಬಳಕೆ ಎಂದು ಕರೆಯುವುದು ಕಷ್ಟ. ಪುಣೆಯದೇ ‘ಆಶಯಾ’ ಸಂಸ್ಥೆ 2023ರಲ್ಲಿ ಚಿಪ್ಸ್ ಪ್ಯಾಕೆಟ್‌ನಿಂದ ತಂಪು ಕನ್ನಡಕ ಮಾಡಿ ಗಮನ ಸೆಳೆದಿತ್ತು. ದಾರಿ ಇದೆ, ಆದರೆ ಇನ್ನೂ ಕಿರಿದು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಹಸಿ ಕಸ, ಒಣ ಕಸ ಬೇರೆ ಇಡಿ. ಸ್ಯಾನಿಟರಿ ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕಿ ಹಾಕಿ ಕೊಡಿ. ಅದನ್ನು ಬರಿಗೈಯಲ್ಲಿ ಬಿಡಿಸುವ ಪಾಡು ಯಾರಿಗೂ ಬೇಡ. ಹಾಲಿನ ಕವರ್ ತೊಳೆದು ಒಣಗಿಸಿದರೆ ಒಳ್ಳೆಯ ಬೆಲೆ ಬರುತ್ತದೆ. ಅದರ ತುದಿಯನ್ನು ಪೂರ್ತಿ ಕತ್ತರಿಸಬೇಡಿ, ಆ ಪುಟ್ಟ ಚೂರು ಆಯುವವರ ಕೈಗೂ ಸಿಗುವುದಿಲ್ಲ.