ಸ್ಟಾರ್ ಎಷ್ಟು, ಸೀಟು ಎಷ್ಟು

ತೊಗರಿ ರಾಶಿ ಮುಗಿದು, ಅಡತಿಯಿಂದ ದುಡ್ಡು ಕೈಗೆ ಬಂದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ಆನ್‌ರೋಡ್ ಎಷ್ಟಾಗುತ್ತದೆ, ಮೈಲೇಜ್ ಎಷ್ಟು ಕೊಡುತ್ತದೆ, ನಾಳೆ ಮಾರಿದರೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕುವವರೇ, ಅಪಘಾತವಾದರೆ ಒಳಗಿದ್ದವರ ಗತಿಯೇನು ಎಂಬ ಪ್ರಶ್ನೆ ಬಂದರೆ ಅಪಶಕುನವೆಂದೋ ಶ್ರೀಮಂತರ ಚಿಂತೆಯೆಂದೋ ಬದಿಗೆ ಸರಿಸುತ್ತಾರೆ. ಸುರಕ್ಷಿತ ಕಾರು ಬೇಕೆಂದರೆ ಲಕ್ಷಗಟ್ಟಲೆ ಹೆಚ್ಚಿಗೆ ಸುರಿಯಬೇಕು ಎಂಬ ನಂಬಿಕೆ ಇದರ ಹಿಂದಿದೆ. ಹತ್ತು ವರ್ಷದ ಹಿಂದೆ ಆ ನಂಬಿಕೆ ನಿಜವೇ ಆಗಿತ್ತು. ಇವತ್ತು ಅಡ್ಡ ಬರುತ್ತಿರುವುದು ಬೆಲೆಗಿಂತ ಹೆಚ್ಚಾಗಿ ಬೇರೆ ಎರಡು ಸಂಗತಿಗಳು: ಇರುವ ದುಡ್ಡನ್ನು ಕಾರಿನ ಯಾವ ಭಾಗದ ಮೇಲೆ ಹಾಕುತ್ತೇವೆ, ಕೊಂಡ ಕಾರಿನಲ್ಲಿ ಎಷ್ಟು ಮಂದಿ ಕೂರುತ್ತೇವೆ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಜನಪ್ರಿಯ ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಎಲ್ಲಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಐದಕ್ಕೆ ಸೊನ್ನೆ ಸ್ಟಾರ್. ಅವು ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾದರಿಗಳು, ನಮ್ಮ ಕಡೆಯ ಸಂಸಾರಗಳು ಕೊಳ್ಳುತ್ತಿದ್ದುದೂ ಅವನ್ನೇ. ಆಮೇಲೆ ಕಾನೂನು ಬಿಗಿಯಾಯಿತು. ಚಾಲಕನ ಏರ್‌ಬ್ಯಾಗ್, ಎಬಿಎಸ್ ಬ್ರೇಕ್, ಬೆಲ್ಟ್ ಹಾಕದಿದ್ದರೆ ಕೂಗುವ ಸದ್ದು, ಇವೆಲ್ಲ 2019ರಲ್ಲಿ ಕಡ್ಡಾಯವಾದವು. 2018ರ ಕೊನೆಗೆ ಟಾಟಾ ನೆಕ್ಸಾನ್, 2021ರಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಪಂಚ್ ಐದು ಸ್ಟಾರ್ ಪಡೆದವು. 2023ರ ಅಕ್ಟೋಬರ್ 1ರಿಂದ ಇಂಥದೇ ನಮ್ಮ ದೇಶದ ಪರೀಕ್ಷೆ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು. ಮಾರುತಿ ಬೇಕೆಂದರೆ ಸ್ಟಾರ್ ಮರೆತುಬಿಡಬೇಕು ಎಂಬ ಮಾತೂ 2024ರ ನವೆಂಬರಿನಲ್ಲಿ ಹೊಸ ಡಿಸೈರ್‌ಗೆ ಐದು ಸ್ಟಾರ್ ಬಂದಾಗ ಹಳತಾಯಿತು. ತಾಲ್ಲೂಕಿನ ಮೆಕ್ಯಾನಿಕ್ಕಿಗೆ ಗೊತ್ತಿರುವ ಕಂಪನಿಯ ಕಾರೇ ಇರಲಿ ಎನ್ನುವುದು ಹಳ್ಳಿಯ ಮಟ್ಟಿಗೆ ಬಹಳ ಸರಿಯಾದ ಲೆಕ್ಕ. ಈಗ ಆ ಲೆಕ್ಕಕ್ಕೂ ಗಟ್ಟಿ ಕಾರಿಗೂ ಜಗಳವಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಕೈಗೆಟಕುವ ಪಟ್ಟಿ ಇನ್ನಷ್ಟು ಉದ್ದವಾಗಿದೆ.

ಷೋರೂಮಿನಲ್ಲಿ ದುಡ್ಡು ಎತ್ತ ಹೋಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಏಳೆಂಟು ಲಕ್ಷದ ಅಂದಾಜಿನಲ್ಲಿ ಹೋದವರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ದುರ್ಬಲ ಮೈಕಟ್ಟಿನ ಕಾರಿನ ಟಾಪ್ ಎಂಡ್, ಅಥವಾ ಗಟ್ಟಿ ಮೈಕಟ್ಟಿನ ಕಾರಿನ ಕೆಳಗಿನ ಮಾದರಿ. ಮೊದಲನೆಯದರಲ್ಲಿ ದೊಡ್ಡ ಸ್ಕ್ರೀನು, ಅಲಾಯ್ ಗಾಲಿ, ಬಟನ್ ಒತ್ತಿದರೆ ಶುರುವಾಗುವ ಎಂಜಿನ್ ಸಿಗುತ್ತವೆ. ಎರಡನೆಯದರಲ್ಲಿ ಹಿಂದಿನ ಕಿಟಕಿಯ ಗಾಜನ್ನು ಕೈಯಿಂದಲೇ ಏರಿಸಿ ಇಳಿಸಬೇಕಾದೀತು. ಸ್ಕ್ರೀನನ್ನು ನಾಳೆ ಕಲಬುರಗಿಯ ಯಾವ ಅಂಗಡಿಯಲ್ಲಾದರೂ ಹಾಕಿಸಿಕೊಳ್ಳಬಹುದು, ಕಾರಿನ ಅಸ್ಥಿಪಂಜರವನ್ನು ಯಾರೂ ಬದಲಿಸಿಕೊಡುವುದಿಲ್ಲ. ಏರ್‌ಬ್ಯಾಗಿನ ಸಂಖ್ಯೆಯೊಂದನ್ನೇ ನೋಡಿ ಮರುಳಾಗುವುದೂ ಬೇಡ. 2023ರಲ್ಲಿ ಎರಡು ಏರ್‌ಬ್ಯಾಗ್ ಇದ್ದ ವ್ಯಾಗನ್ ಆರ್ ಪರೀಕ್ಷೆಗೆ ಹೋದಾಗ ಸಿಕ್ಕಿದ್ದು ಒಂದೇ ಸ್ಟಾರ್, ಮಕ್ಕಳ ರಕ್ಷಣೆಗೆ ಸೊನ್ನೆ. ಅದರ ಮೈಕಟ್ಟು ಭದ್ರವಾಗಿಲ್ಲ ಎಂದು ವರದಿ ಹೇಳಿತು. ಗಟ್ಟಿ ಕಾರಿಗಾಗಿ ಐವತ್ತು ಸಾವಿರ ಹೆಚ್ಚು ಕೊಡಬೇಕಾಗಿ ಬಂದರೂ, ಐದು ವರ್ಷದ ಸಾಲದಲ್ಲಿ ಅದು ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸಿನ ಕಂತು. ಇನ್ನೊಂದು ಎಚ್ಚರಿಕೆ: ಹಳೆಯ ಐದು ಸ್ಟಾರೂ ಹೊಸ ಐದು ಸ್ಟಾರೂ ಒಂದೇ ಅಲ್ಲ. 2022ರ ನಂತರದ ಪರೀಕ್ಷೆಗಳಲ್ಲಿ ಪಕ್ಕದಿಂದ ಬೀಳುವ ಡಿಕ್ಕಿಯೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಸ್ಟಾರಿನ ಜೊತೆ ಇಸವಿಯನ್ನೂ ಕೇಳಬೇಕು.

ಇಷ್ಟಕ್ಕೂ ಸ್ಟಾರಿಗೆ ಒಂದು ಮಿತಿಯಿದೆ, ನಮ್ಮ ರಸ್ತೆಗಳಲ್ಲಿ ಆ ಮಿತಿ ಎದ್ದು ಕಾಣುತ್ತದೆ. 2020ರ ಸೆಪ್ಟೆಂಬರ್ 27ರ ನಸುಕಿನಲ್ಲಿ ಆಳಂದದಿಂದ ಹೆರಿಗೆಗೆಂದು ಗರ್ಭಿಣಿಯನ್ನು ಕಲಬುರಗಿಗೆ ಕರೆದೊಯ್ಯುತ್ತಿದ್ದ ಕಾರು ಸಾವಳಗಿ ಬಳಿ ನಿಂತ ಲಾರಿಗೆ ಗುದ್ದಿ ಏಳು ಮಂದಿ ಸತ್ತರು. 2025ರ ಏಪ್ರಿಲ್ 5ರಂದು ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್‌ನಲ್ಲಿ ಬಾಗಲಕೋಟೆ ಕಡೆಯಿಂದ ಕಲಬುರಗಿಯ ದರ್ಗಾಕ್ಕೆ ಹೊರಟಿದ್ದ ವ್ಯಾನು ನಿಂತ ಲಾರಿಗೇ ಗುದ್ದಿ ಐವರು ಸತ್ತರು. ಎನ್‌ಕ್ಯಾಪ್‌ನಲ್ಲಿ ಕಾರು ಗಂಟೆಗೆ 64 ಕಿಲೊಮೀಟರ್ ವೇಗದಲ್ಲಿ ಎದುರಿನ ತಡೆಗೋಡೆಗೆ ಬಡಿಯುತ್ತದೆ. ಹೊಡೆತ ಮೊದಲು ಬಂಪರ್ ಮತ್ತು ಬಾನೆಟ್ಟಿಗೆ ಬೀಳುತ್ತದೆ, ಅವು ಮುದುಡಿ ಒಳಗಿನವರನ್ನು ಉಳಿಸುತ್ತವೆ. ನಿಂತ ಲಾರಿಯ ಹಿಂಬದಿ ಇರುವುದು ಮುಂಗಾಜಿನ ಎತ್ತರದಲ್ಲಿ. ಬಾನೆಟ್ಟು ಅದರಡಿ ನುಗ್ಗಿಹೋದರೆ ಹೊಡೆತ ನೇರವಾಗಿ ತಲೆಯ ಮಟ್ಟಕ್ಕೇ ಬೀಳುತ್ತದೆ. ಇನ್ನು ವೇಗ 64ರಿಂದ 100ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಹೆಚ್ಚುಕಡಿಮೆ ಎರಡೂವರೆ ಪಟ್ಟಾಗುತ್ತದೆ. ಅಫಜಲಪುರದ ಹವಳಗಾ, ಆಳಂದದ ಭೂಸನೂರು ಕಡೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ತಿಂಗಳುಗಳಲ್ಲಿ, ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಿಂದೆ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರುಗಳ ನಡುವೆ ರಾತ್ರಿ ಕಾರು ಓಡಿಸುವವರಿಗೆ ಒಳ್ಳೆಯ ಹೆಡ್‌ಲೈಟು, ಸವೆಯದ ಟೈರು, ಹಗಲು ಹೊರಡುವ ರೂಢಿ, ಇವು ಆರನೆಯ ಏರ್‌ಬ್ಯಾಗಿಗಿಂತ ದೊಡ್ಡವು.

ಸ್ಟಾರಿನ ಈ ಮಿತಿಯನ್ನೇ ಹಿಡಿದು ವಾದಿಸುವವರೂ ಉಂಟು. 2024ರ ಡಿಸೆಂಬರಿನಲ್ಲಿ ನೆಲಮಂಗಲದ ಬಳಿ ಕೋಟಿ ರೂಪಾಯಿಯ ವೋಲ್ವೊ ಮೇಲೆ ಕಂಟೇನರ್ ಲಾರಿ ಮಗುಚಿ ಒಂದೇ ಕುಟುಂಬದ ಆರು ಮಂದಿ ಸತ್ತರಲ್ಲ, ಹಣೆಬರಹಕ್ಕೆ ಹೊಣೆ ಯಾರು ಎನ್ನುತ್ತಾರೆ. ಯಾವ ಕಾರೂ ತಡೆಯಲಾರದ ಅಪಘಾತ ಇದ್ದೇ ಇದೆ. ಆದರೆ ದಿನಾ ಆಗುವವು ಅಂಥವಲ್ಲ: ತಿರುವಿನಲ್ಲಿ ಎದುರಿನ ಗಾಡಿಗೆ ಬಡಿಯುವುದು, ಎಮ್ಮೆ ಅಡ್ಡ ಬಂದು ಗಿಡಕ್ಕೆ ಗುದ್ದುವುದು, ಮಣ್ಣಿನಲ್ಲಿ ಜಾರಿ ಮಗುಚುವುದು. ಇವುಗಳಲ್ಲಿ ಗಟ್ಟಿ ಮೈಕಟ್ಟೂ ಬೆಲ್ಟೂ ಜೀವ ಉಳಿಸುತ್ತವೆ. ಇದಕ್ಕಿಂತ ತೂಕದ ಆಕ್ಷೇಪ ಬೇರೊಂದಿದೆ. ಗಂಡ, ಹೆಂಡತಿ, ಎರಡು ಮಕ್ಕಳು ಒಂದೇ ಬೈಕಿನಲ್ಲಿ ಹೋಗುವ ಮನೆಗೆ ಒಂದು ಸ್ಟಾರಿನ ಕಾರೂ ಮೇಲಲ್ಲವೇ? ರತನ್ ಟಾಟಾ ನ್ಯಾನೊ ಮಾಡಲು ಹೊರಟಿದ್ದೇ ಆ ಯೋಚನೆಯಿಂದ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ 44.5 ದ್ವಿಚಕ್ರ ವಾಹನದವರು. ಹೌದು, ಕೈಯಲ್ಲಿ ಇರುವುದು ಅಷ್ಟೇ ಆದರೆ ಆ ಕಾರನ್ನೇ ಕೊಳ್ಳಲಿ, ಅದರಲ್ಲಿ ತಪ್ಪೇನೂ ಇಲ್ಲ. ನಾನು ತಕರಾರು ತೆಗೆಯುವುದು ಅಷ್ಟೇ ದುಡ್ಡಿಗೆ ಗಟ್ಟಿ ಕಾರು ಸಿಗುತ್ತಿದ್ದರೂ ಸನ್‌ರೂಫಿಗೆ ಮನಸೋಲುವ ಮನೆಯ ಬಗ್ಗೆ.

ಬೆಲ್ಟಿನ ವಿಷಯಕ್ಕಂತೂ ಹೆಚ್ಚುವರಿ ಒಂದು ಪೈಸೆ ಬೇಡ. ಅದೇ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ 8,331 ಮಂದಿ ಪ್ರಯಾಣಿಕರು, ಅಂದರೆ ಹೆಚ್ಚುಕಡಿಮೆ ಅರ್ಧ. ಆ ವರ್ಷದ ಸೆಪ್ಟೆಂಬರಿನಲ್ಲೇ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಮರ್ಸಿಡಿಸ್‌ನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದಾಗ ಸತ್ತರು. ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂಬ ನಿಯಮವಿದೆ, ತಪ್ಪಿದರೆ ಸಾವಿರ ರೂಪಾಯಿ ದಂಡವೂ ಇದೆ. ಆದರೂ ನಮ್ಮಲ್ಲಿ ಹಿಂದಿನ ಬೆಲ್ಟಿನ ಕೊಂಡಿಗಳು ಸೀಟ್ ಕವರಿನ ಅಡಿ ಹೂತುಹೋಗಿರುತ್ತವೆ. ‘ನಾವೇನ್ ಜೋರ್ ಹೊಡಿತೀವ್ರಿ, ಕಲಬುರ್ಗಿ ತನಕ ಅಷ್ಟೇ’ ಎನ್ನುವವರು ಒಂದು ಲೆಕ್ಕ ಮಾಡಿ ನೋಡಲಿ. ಐವತ್ತರ ವೇಗದಲ್ಲಿದ್ದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಅಜ್ಜಿಯ ತೊಡೆ ಮೇಲಿನ ಹತ್ತು ಕೆಜಿಯ ಕೂಸು ಒಂದು ಕ್ವಿಂಟಲ್ ನಲವತ್ತು ಕೆಜಿಯ ಬಲದಲ್ಲಿ ಮುಂದಕ್ಕೆ ಎಗರುತ್ತದೆ. ತುಂಬಿದ ತೊಗರಿ ಚೀಲ ಹಿಡಿದು ನಿಲ್ಲಿಸುವ ತೋಳೇ ಇಲ್ಲದಿರುವಾಗ ಇದನ್ನು ಹಿಡಿಯುವವರು ಯಾರು?

ಅದರಿಂದಲೇ, ಕಾರು ಆರಿಸುವಾಗ ಮನೆಯಲ್ಲಿ ಬೆಲ್ಟ್ ಬೇಕಾದ ತಲೆಗಳನ್ನು ಮೊದಲು ಎಣಿಸಬೇಕು. ಐದು ಸೀಟಿನ ಕಾರಿಗೆ ಎಂಟು ಮಂದಿ ತುಂಬಿದರೆ ಅದರ ಐದು ಸ್ಟಾರಿಗೆ ಅರ್ಥವಿಲ್ಲ. ಆ ಸ್ಟಾರು ಬಂದದ್ದು ಪರೀಕ್ಷೆಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿದ ಬೊಂಬೆಗಳಿಂದ. ಹಾಗೆಂದು ಗಾಣಗಾಪುರಕ್ಕೆ ಹುಣ್ಣಿಮೆ ಹುಣ್ಣಿಮೆಗೆ ಹತ್ತು ಮಂದಿ ಹೋಗುತ್ತೇವೆಂದು ಏಳು ಸೀಟಿನ ಗಾಡಿಗೆ ಸಾಲ ಮಾಡುವುದೂ ಜಾಣತನವಲ್ಲ. ಅಗ್ಗವೆಂದು ಜನ ಮುಗಿಬೀಳುವ ಎರ್ಟಿಗಾ 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಪಡೆದದ್ದು ಒಂದು ಸ್ಟಾರ್. ದಿನದ ಓಡಾಟ ನಾಲ್ಕು ಮಂದಿಯದಾದರೆ ನಾಲ್ಕು ಮಂದಿಗೆ ತಕ್ಕ ಗಟ್ಟಿ ಕಾರು ಸಾಕು. ಜಾತ್ರೆಗೆ, ಮದುವೆಗೆ ಉಳಿದವರನ್ನು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಕರೆದೊಯ್ಯುತ್ತದೆ. 2023ರ ಜೂನ್ ಹನ್ನೊಂದರಿಂದ ಮನೆಯ ಹೆಣ್ಣುಮಕ್ಕಳಿಗೆ ಆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ.