ರಜೆಗೆ ಜೊತೆಯಾದ ಎರಡು ಪುಸ್ತಕ

ಪಿಯುಸಿ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ದಿನಗಳು ಬಲು ಉದ್ದ. ಅಂಥ ರಜೆಯಲ್ಲಿ ಹುಡುಗನೊಬ್ಬ ಹೊತ್ತು ಕಳೆಯಲೆಂದು ಗ್ರಂಥಾಲಯದಿಂದ ಎರಡು ಕಾದಂಬರಿ ತಂದ.

ಮೊದಲನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಹಾರುವ ಓತಿಯ ಹುಡುಕಾಟದ ಕಥೆ. ಈ ಓತಿ ಪಕ್ಕೆಲುಬುಗಳ ಮೇಲೆ ಬಿಚ್ಚಿಕೊಳ್ಳುವ ಚರ್ಮದ ಬಲದಿಂದ ಮರದಿಂದ ಮರಕ್ಕೆ ತೇಲುತ್ತದೆ. ಜೀವಶಾಸ್ತ್ರದ ಪಠ್ಯ ಹಿಡಿದರೆ ಆಕಳಿಸುತ್ತಿದ್ದವನು ರಾತ್ರಿ 12 ಹೊಡೆದರೂ ದೀಪ ಆರಿಸಲಿಲ್ಲ. ಕಡೆಗೆ ಓತಿ ಕೈಗೆ ಸಿಗದೆ ಹೋದಾಗ ಅವನಿಗೆ ಸಿಟ್ಟೇ ಬಂತು. ಆದರೆ ಎರಡು ದಿನ ಕಳೆದ ಮೇಲೂ ಮನಸ್ಸಿನಲ್ಲಿ ಉಳಿದವನು ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಕಾಡನ್ನು ಬಲ್ಲವನು.

ಎರಡನೆಯದು ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ಲಿಸ್ಬನ್ ನಗರದ ತೇಜೋ ನದಿಗೂ ವಿಜಯನಗರದ ತುಂಗಭದ್ರೆಗೂ ನಂಟು ಬೆಸೆಯುವ ಕಥೆ. ಇತಿಹಾಸದಲ್ಲಿ ಎರಡು ಅಂಕದ ಪ್ರಶ್ನೆಯಾಗಿದ್ದ ಪೋರ್ಚುಗೀಸರ ಸಮುದ್ರಯಾನ ಇಲ್ಲಿ ಪ್ರೀತಿಯಾಗಿ, ಆಸೆಯಾಗಿ, ಧರ್ಮದ ಹೆಸರಿನ ಕ್ರೌರ್ಯವಾಗಿ ಎದುರಾಯಿತು. ಹಿಂಸೆಯ ಕೆಲವು ಪುಟಗಳನ್ನು ಓದಲಾಗದೆ ಅವನು ದಾಟಿಸಿಬಿಟ್ಟ.

“ಸಿಇಟಿಗೆ ಓದೋದು ಬಿಟ್ಟು ಇದೇನೋ?” ಎಂದು ತಂದೆ ಗದರಿದರು. ಹುಡುಗ “ನೀವೂ ಒಮ್ಮೆ ಓದಿ ನೋಡಿ ಅಪ್ಪಾ” ಎಂದು ‘ಕರ್ವಾಲೊ’ವನ್ನು ಅವರ ಕೈಗಿತ್ತ. ಅವರು ವಾರದಲ್ಲಿ ಓದಿ ಮುಗಿಸಿದರು, ಏನೂ ಹೇಳಲಿಲ್ಲ.

ಫಲಿತಾಂಶ ಬಂತು. ಅಂಕ ಎಣಿಸಿದ್ದಕ್ಕಿಂತ ಕಡಿಮೆ. ತಲೆ ತಗ್ಗಿಸಿ ನಿಂತ ಮಗನ ಬೆನ್ನು ತಟ್ಟಿ ತಂದೆ ಕೇಳಿದ್ದು ಇಷ್ಟೇ: “ಮಂದಣ್ಣನಿಗೆ ಯಾರಪ್ಪಾ ಅಂಕ ಕೊಟ್ಟವರು?”