ಪೆಟ್ರೋಲನ್ನು ಮೇಲಕ್ಕೆತ್ತುವವರಾರು?

ಅಮೆರಿಕ ದೇಶದಲ್ಲಿ ಮನೆಯ ಸುತ್ತಲಿನ ಹುಲ್ಲನ್ನು ಕತ್ತರಿಸಲು, ಚಿಕ್ಕ ಗಾಡಿಯನ್ನೆಳೆಯಲು, ಚಳಿಗಾಲದಲ್ಲಿ ಹಿಮವನ್ನು ಸರಿಸಲು ಒಂದು ಬಗೆಯ ಪುಟ್ಟ ಟ್ರ್ಯಾಕ್ಟರನ್ನು ಬಳಸುವುದುಂಟು. ತೋಟದ ಟ್ರ್ಯಾಕ್ಟರೆಂದು ಅದರ ಹೆಸರು. ಅಂಥದೊಂದು ಟ್ರ್ಯಾಕ್ಟರಿನ ಒಡೆಯನನ್ನು ಊಹಿಸಿಕೊಳ್ಳೋಣ. ಯಂತ್ರವು ಸಲೀಸಾಗಿ ಹೊರಡುತ್ತದೆ. ಕಾಲು ಗಂಟೆ ಓಡಿ, ತಡವರಿಸಿ, ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಟಾಂಕಿಯಲ್ಲಿ ಬೇಕಾದಷ್ಟು ಪೆಟ್ರೋಲಿದೆ. ಪಂಪು ಕೆಟ್ಟಿತೆಂದು ಬಗೆದು ಆತನು ಹೊಸದನ್ನು ತಂದು ಜೋಡಿಸುತ್ತಾನೆ. ಹಣ ಹೋಯಿತು, ರೋಗ ಹೋಗಲಿಲ್ಲ! ತಪ್ಪೆಲ್ಲಿ?

ಇದನ್ನರಿಯಲು ಪಂಪಿನ ಕೆಲಸವನ್ನು ಮೊದಲು ತಿಳಿಯಬೇಕು. ಇಂಥ ಅನೇಕ ಟ್ರ್ಯಾಕ್ಟರುಗಳಲ್ಲಿ ಪೆಟ್ರೋಲಿನ ಟಾಂಕಿಯು ಕಾರ್ಬ್ಯುರೇಟರಿಗಿಂತ ಕೆಳಗಿರುತ್ತದೆ. ಆದುದರಿಂದ ಪೆಟ್ರೋಲು ತಾನಾಗಿ ಹರಿದುಬರಲಾರದು. ಅದನ್ನೇರಿಸಲು ಅಂಗೈಯಲ್ಲಿ ಹಿಡಿಸುವಂಥ ಒಂದು ಪಂಪನ್ನಿಟ್ಟಿರುತ್ತಾರೆ. ಅದರೊಳಗೆ ಮುಖ್ಯವಾದುವು ಮೂರೇ ಅಂಗಗಳು: ಬಾಗಬಲ್ಲ ಒಂದು ತೆಳು ಪೊರೆ ಮತ್ತು ಒಮ್ಮುಖವಾಗಿ ಮಾತ್ರ ತೆರೆಯುವ ಎರಡು ಕವಾಟಗಳು.

ಪೊರೆಯನ್ನು ಕುಣಿಸುವುದು ಎಂಜಿನ್ನಿನ ಉಸಿರೇ. ಪಿಸ್ಟನ್ ಕೆಳಗಿಳಿದಾಗ ಅದರಡಿಯ ಕ್ರ್ಯಾಂಕ್‌ಕೇಸಿನಲ್ಲಿರುವ ಗಾಳಿಯ ಒತ್ತಡವು ಹೆಚ್ಚುತ್ತದೆ, ಮೇಲೇರಿದಾಗ ಕುಗ್ಗುತ್ತದೆ. ಈ ಏರಿಳಿತವನ್ನು ಒಂದು ಸಣ್ಣ ರಬ್ಬರ್ ಕೊಳವೆಯು ಪೊರೆಯ ಒಂದು ಬದಿಗೆ ಮುಟ್ಟಿಸುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,600 ಸುತ್ತು ತಿರುಗಿದರೆ ಸೆಕೆಂಡಿಗೆ 60 ಸಲ ಈ ಮಿಡಿತವುಂಟಾಗುತ್ತದೆ. ಒತ್ತಡ ಕುಗ್ಗಿದಾಗ ಪೊರೆಯು ಹಿಂದಕ್ಕೆ ಬಾಗಿ, ಒಳಬರುವ ಕವಾಟ ತೆರೆದು, ಪೆಟ್ರೋಲು ಪಂಪಿನೊಳಗೆ ಸೇರುತ್ತದೆ. ಒತ್ತಡ ಹೆಚ್ಚಿದಾಗ ಪೊರೆಯು ಮುಂದಕ್ಕೆ ಬಾಗಿ, ಆ ಕವಾಟ ಮುಚ್ಚಿ, ಇನ್ನೊಂದು ತೆರೆದು, ಪೆಟ್ರೋಲು ಕಾರ್ಬ್ಯುರೇಟರಿನತ್ತ ಸಾಗುತ್ತದೆ.

ಹಾಗಾದರೆ ಪಂಪು ಪೆಟ್ರೋಲನ್ನು ಎಳೆಯುತ್ತದೆಯೇ? ಇಲ್ಲ! ಪಂಪು ತನ್ನೊಳಗಿನ ಒತ್ತಡವನ್ನು ಕಡಮೆ ಮಾಡುತ್ತದೆ, ಅಷ್ಟೆ. ಟಾಂಕಿಯಲ್ಲಿರುವ ಪೆಟ್ರೋಲಿನ ಮೇಲೆ ಕುಳಿತ ಗಾಳಿಯು ಅದನ್ನು ಕೊಳವೆಯೊಳಕ್ಕೆ ದೂಡುತ್ತದೆ. ಎಳೆಯುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೇರಿಸಲಾರದೆಂಬ ಸಂಗತಿಯನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿದ್ದನು. ಟಾರಿಸೆಲ್ಲಿಯು ಇದಕ್ಕೆ ವಾಯುವಿನ ಒತ್ತಡವೇ ಕಾರಣವೆಂದು ಕಂಡುಕೊಂಡನು. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಗಾಳಿಯು ಸುಮಾರು 1 ಕಿಲೋಗ್ರಾಂ ಭಾರದಷ್ಟು ಒತ್ತುತ್ತಿರುತ್ತದೆ.

ಈಗ ಒಡೆಯನ ಸಮಸ್ಯೆಗೆ ಬರೋಣ. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಸರಾಗವಾಗಿ ಬೀಳದು. ನಮ್ಮ ಮನೆಗಳಲ್ಲಿ ಎದುರು ಬದಿಗೆ ಇನ್ನೊಂದು ತೂತು ಮಾಡುವುದು ಗಾಳಿ ಒಳಹೋಗಲೆಂದೇ. ಟ್ರ್ಯಾಕ್ಟರಿನ ಟಾಂಕಿಯ ಮುಚ್ಚಳದಲ್ಲಿಯೂ ಸಾಮಾನ್ಯವಾಗಿ ಅಂಥದೊಂದು ಉಸಿರುರಂಧ್ರವಿರುತ್ತದೆ. ಅದು ಧೂಳಿನಿಂದ ಮುಚ್ಚಿದರೆ, ಪೆಟ್ರೋಲು ಖರ್ಚಾದಂತೆ ಟಾಂಕಿಯೊಳಗಿನ ಒತ್ತಡ ಕುಗ್ಗುತ್ತ ಹೋಗುತ್ತದೆ. ಕೊನೆಗೆ ದೂಡುವವರೇ ಇಲ್ಲವಾಗುತ್ತಾರೆ. ಯಂತ್ರ ನಿಂತ ಮೇಲೆ ಮೆಲ್ಲನೆ ಗಾಳಿ ನುಸುಳಿ ಮತ್ತೆ ಜೀವ ಬರುತ್ತದೆ. ಎಂಜಿನ್ನು ನಿಂತ ಕೂಡಲೇ ಮುಚ್ಚಳವನ್ನು ಸಡಿಲಿಸಿದಾಗ ಗಾಳಿ ಒಳನುಗ್ಗುವ ಸದ್ದು ಕೇಳಿ, ಎಂಜಿನ್ನು ಮತ್ತೆ ಸರಿಯಾಗಿ ಓಡಿದರೆ, ರೋಗ ಸಿಕ್ಕಿತೆನ್ನಬಹುದು. ನಮ್ಮ ಹೊಲಗಳ ಡೀಸೆಲ್ ಪವರ್ ಟಿಲ್ಲರಿನ ಏರ್ಪಾಡು ಬೇರೆಯಾದರೂ ಟಾಂಕಿಗೆ ಗಾಳಿ ಬೇಕೆಂಬ ನಿಯಮ ಅದಕ್ಕೂ ಒಂದೇ.

ಮುಚ್ಚಳವು ನಿರ್ದೋಷಿಯಾಗಿದ್ದರೆ ಪೆಟ್ರೋಲಿನ ದಾರಿಯನ್ನೇ ಹಿಡಿದು ಮುಂದೆ ಸಾಗಬೇಕು. ಶೋಧಕದಲ್ಲಿ ಕಸ ಕಟ್ಟಿದೆಯೇ? ಟಾಂಕಿಯಿಂದ ಪಂಪಿಗೆ ಬರುವ ಕೊಳವೆ ಬಿರುಕುಬಿಟ್ಟಿದೆಯೇ? ಬಿಟ್ಟಿದ್ದರೆ ಪಂಪಿಗೆ ಪೆಟ್ರೋಲಿನ ಬದಲು ಗಾಳಿ ಸಿಕ್ಕುತ್ತದೆ. ಕ್ರ್ಯಾಂಕ್‌ಕೇಸಿನಿಂದ ಬರುವ ಮಿಡಿತದ ಕೊಳವೆ ಒಡೆದಿದ್ದರಂತೂ, ಪಂಪು ಹೊಸದಾಗಿದ್ದರೂ ಪೊರೆಯು ಅಲುಗದು. ಇವೆಲ್ಲ ಸರಿಯಿದ್ದರೆ ಮಾತ್ರ ಪಂಪಿನ ಮೇಲೆ ಸಂಶಯಪಡುವುದು ನ್ಯಾಯ.

ಒಂದು ದೋಷವನ್ನು ಮಾತ್ರ ಅಲಕ್ಷಿಸಲೇಬಾರದು. ಪೊರೆಯು ಹರಿದರೆ ಪೆಟ್ರೋಲು ಮಿಡಿತದ ಕೊಳವೆಯ ಮೂಲಕ ಕ್ರ್ಯಾಂಕ್‌ಕೇಸಿಗೆ ಇಳಿಯಬಹುದು. ಅಳತೆ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿದ್ದು, ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ನನ್ನು ಓಡಿಸಕೂಡದು. ತೆಳುವಾದ ಎಣ್ಣೆಯಿಂದ ಬೇರಿಂಗುಗಳು ಸವೆಯುತ್ತವೆ; ಒಳಗೆ ತುಂಬಿದ ಆವಿಗೆ ಬೆಂಕಿ ತಗಲುವ ಅಪಾಯವೂ ಉಂಟು. ಪಂಪನ್ನೂ ಎಣ್ಣೆಯನ್ನೂ ಎರಡನ್ನೂ ಬದಲಿಸಬೇಕು. ಈ ಕೆಲಸವೆಲ್ಲ ಎಂಜಿನ್ನು ತಣ್ಣಗಾದ ಮೇಲೆ, ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಬೇಕು. ಕೊಳವೆಗೆ ಬಾಯಿಟ್ಟು ಪೆಟ್ರೋಲನ್ನು ಹೀರುವುದು ಪ್ರಾಣಕ್ಕೇ ಸಂಚಕಾರ.

ಯಂತ್ರವು ನಿಂತಾಗ ಕಣ್ಣಿಗೆ ಬಿದ್ದ ಭಾಗವನ್ನು ದೂರುವುದು ಸುಲಭ. ಕಣ್ಣಿಗೆ ಕಾಣದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿದು, ಒಂದೊಂದೇ ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕುವುದೇ ವಿಜ್ಞಾನದ ದಾರಿ. ನಮ್ಮ ಒಡೆಯನಿಗೆ ಬೇಕಾಗಿದ್ದುದು ಹೊಸ ಪಂಪಲ್ಲ, ಒಂದು ಸೂಜಿ!